ಕ್ಯಾಂಪರ್ ವ್ಯಾನಲ್ಲಿ ಕೊಡಗಿಗೆ: ಗ್ರೂಪಲ್ಲಿ ಬರೋದಾ, ನಾವೇ ಬರೋದಾ?

ತಿಂಗಳಿಗೆ ಎರಡು ಮೂರು ಫೋನಾದ್ರೂ ಇದೇ ವಿಷಯಕ್ಕೆ ಬರುತ್ತೆ. "ಅಣ್ಣಾ, ಕ್ಯಾಂಪರ್ ವ್ಯಾನ್ ಬಾಡಿಗೆಗೆ ತಗೊಂಡು ಕೊಡಗಿಗೆ ಬರೋಣ ಅಂತಿದೀವಿ, ಯಾರೋ ಗ್ರೂಪ್ ಟೂರ್ ಮಾಡ್ತಾರಂತೆ, ಎಂಟು ಗಾಡಿ ಒಟ್ಟಿಗೆ, ಮುಂದೊಬ್ಬ ಲೀಡರ್ ಇರ್ತಾನಂತೆ, ಅದಕ್ಕೆ ಸೇರ್ಕೊಳ್ಳೋದಾ ಇಲ್ಲ ನಾವೇ ಬರೋದಾ?" ಕ್ಯಾಂಪರ್ ವ್ಯಾನ್ ಅಂದ್ರೆ ಒಳಗೇ ಮಲಗೋಕೆ, ಅಡುಗೆಗೆ, ಟಾಯ್ಲೆಟ್ಟಿಗೆ ಜಾಗ ಇರೋ ಗಾಡಿ. ನನ್ನನ್ನ ಯಾಕೆ ಕೇಳ್ತಾರೆ ಅಂದ್ರೆ, ಸುಂಟಿಕೊಪ್ಪದಿಂದ ಸ್ವಲ್ಪ ಒಳಗೆ ನಮ್ಮದೊಂದು ಸಣ್ಣ ಕಾಫಿ ತೋಟ, ಮನೆ ಮುಂದೆ ಕಾಫಿ ಒಣಗಿಸೋ ಸಿಮೆಂಟ್ ಕಣ ಇದೆ, ಏಪ್ರಿಲಿಂದ ನವೆಂಬರ್ ತನಕ ಅದು ಖಾಲಿ ಬಿದ್ದಿರುತ್ತೆ, ಕೆಲವು ವರ್ಷದ ಹಿಂದೆ ಯಾರೋ ಬೆಂಗಳೂರಿನೋರು ಒಂದು ರಾತ್ರಿ ವ್ಯಾನ್ ನಿಲ್ಲಿಸ್ಕೋಬಹುದಾ ಅಂತ ಕೇಳಿದ್ರು, ಹೂಂ ಅಂದೆ, ಅವತ್ತು ಶುರುವಾಗಿದ್ದು ಇವತ್ತಿಗೂ ನಿಂತಿಲ್ಲ. ಗ್ರೂಪಿನೋರೂ ಬಂದಿದಾರೆ, ಒಂಟಿ ಗಾಡಿಯೋರೂ ಬಂದಿದಾರೆ. ನಾನೂ ಎರಡು ಸಲ ಹೋಗಿದೀನಿ, ಒಂದ್ಸಲ ಗ್ರೂಪ್ ಜೊತೆ, ಒಂದ್ಸಲ ಅಮ್ಮ, ಹೆಂಡ್ತಿ, ಮಗನನ್ನ ಕರ್ಕೊಂಡು ನಾವೇ. ಹಂಗಾಗಿ ಫೋನಲ್ಲಿ ಅರ್ಧರ್ಧ ಹೇಳೋ ಬದಲು ಒಂದ್ಸಲ ಪೂರ್ತಿ ಬರೆದುಬಿಡೋಣ ಅಂತ.

ಮೊದಲೇ ನನ್ನ ಅಭಿಪ್ರಾಯ ಹೇಳ್ಬಿಡ್ತೀನಿ. ಎಲ್ರೂ ದುಡ್ಡು ಎಷ್ಟು, ಸೇಫ್ಟಿ ಹೇಗೆ, ಮಜಾ ಯಾವುದರಲ್ಲಿ ಜಾಸ್ತಿ ಅಂತ ಕೇಳ್ತಾರೆ. ಅದೆಲ್ಲಾ ಆಮೇಲೆ. ಹಗಲು ಹೊತ್ತಲ್ಲಿ ಗ್ರೂಪಾದ್ರೂ ಅಷ್ಟೇ ಒಂಟಿಯಾದ್ರೂ ಅಷ್ಟೇ, ಅದೇ ರೋಡು ಅದೇ ಟ್ರಾಫಿಕ್ಕು. ರಾತ್ರಿ ಗಾಡಿ ಎಲ್ಲಿ ನಿಲ್ಲಿಸ್ತೀರಾ, ಆ ಜಾಗ ಹುಡುಕೋ ತಲೆನೋವು ಯಾರದ್ದು, ಕೊಡಗಲ್ಲಿ ಇದೇ ಮುಖ್ಯ ವಿಷಯ.

ಅಮೆರಿಕದ ಕಥೆ ಬೇರೆ

ಈ ಗ್ರೂಪ್ ಕ್ಯಾರವಾನ್ ಅನ್ನೋದು ಹುಟ್ಟಿದ್ದು ಇಲ್ಲಲ್ಲ. ಏರ್‌ಸ್ಟ್ರೀಮ್ ಅಂತ ಬೆಳ್ಳಿ ಬಣ್ಣದ ದುಂಡಗಿನ ಟ್ರೇಲರ್ ನೋಡಿರ್ತೀರಾ, ಅದರ ಕಂಪನಿ ಕಟ್ಟಿದ ವಾಲಿ ಬಯಾಮ್ ಅನ್ನೋರು 1951ರಲ್ಲಿ ಟ್ರೇಲರ್ ಇದ್ದೋರನ್ನೆಲ್ಲಾ ಸೇರಿಸ್ಕೊಂಡು ಟೆಕ್ಸಾಸಿನ ಎಲ್ ಪಾಸೋದಿಂದ ಮೆಕ್ಸಿಕೋ ಕಡೆಗೆ ಹೊರಟಿದ್ರು, 1959ರಲ್ಲಂತೂ ಆಫ್ರಿಕಾದಲ್ಲಿ ಕೇಪ್‌ಟೌನಿಂದ ಕೈರೋ ತನಕ ಒಂದು ತಂಡ ಹೋಯ್ತು. ಅಲ್ಲಿ ಇವತ್ತಿಗೂ ಅದೇ ಪದ್ಧತಿ ನಡೀತಾ ಇದೆ.

ನಮ್ಮಕ್ಕ ಬಾವ ಡಲ್ಲಾಸಲ್ಲಿದಾರೆ. ಬಾವ ರಿಟೈರ್ ಆದ ಮೇಲೆ ಇಬ್ರೂ ಇಂಥದ್ದೇ ಒಂದು ಗ್ರೂಪಲ್ಲಿ ಅಲಾಸ್ಕಾಗೆ ಹೋಗಿ ಬಂದ್ರು. ನಾನು ಅಂದ್ಕೊಂಡಿದ್ದು ಇಪ್ಪತ್ತು ಗಾಡಿ ರೈಲ್ ಬೋಗಿ ಥರ ಒಂದರ ಹಿಂದೆ ಒಂದು ಹೋಗುತ್ತೆ ಅಂತ. ಹಂಗಲ್ವಂತೆ. ಮುಂದೆ ಹೋಗೋ ಲೀಡರ್‌ಗೆ ವ್ಯಾಗನ್ ಮಾಸ್ಟರ್ ಅಂತಾರೆ, ಕೊನೇಲಿ ಬರೋನಿಗೆ ಟೇಲ್ ಗನ್ನರ್ ಅಂತಾರೆ, ಯಾರದ್ದಾದ್ರೂ ಗಾಡಿ ಕೆಟ್ಟು ನಿಂತ್ರೆ ಹಿಂದಿಂದ ಬಂದು ನೋಡೋನು ಅವನೇ. ನಡುವೆ ಇರೋರು ಬೆಳಿಗ್ಗೆ ತಮಗೆ ಬೇಕಾದಾಗ ಹೊರಡ್ತಾರೆ, ಬೇಕಾದಲ್ಲಿ ನಿಲ್ಲಿಸ್ತಾರೆ, ಸಾಯಂಕಾಲ ಹೇಳಿದ ಕ್ಯಾಂಪ್‌ಗ್ರೌಂಡಿಗೆ ಬಂದು ಸೇರಿದ್ರೆ ಸಾಕು. ಕೊಟ್ಟ ದುಡ್ಡಲ್ಲಿ ಕ್ಯಾಂಪ್‌ಗ್ರೌಂಡ್, ಟಿಕೆಟ್ಟು, ಕೆಲವು ಊಟ ಸೇರಿರುತ್ತೆ, ಪೆಟ್ರೋಲ್ ನಮ್ಮದೇ. ಆ ಪೆಟ್ರೋಲಿಂದೇ ಬಾವಂಗೆ ಹೊಟ್ಟೆ ಉರಿ, ಲೀಟರಿಗೆ ನಾಲ್ಕು ಕಿಲೋಮೀಟರ್ ಕೊಟ್ರೆ ಹೆಚ್ಚು ಆ ಮೋಟರ್‌ಹೋಮು.

ಆದ್ರೆ ಅಲ್ಲಿ ಒಬ್ಬೊಬ್ರೇ ಹೋದ್ರೂ ರಾತ್ರಿ ನಿಲ್ಲಿಸೋದು ದೊಡ್ಡ ಸಮಸ್ಯೆ ಅಲ್ಲ. ಊರೂರಿಗೂ ಕ್ಯಾಂಪ್‌ಗ್ರೌಂಡು, ನೀರಿನ ನಲ್ಲಿ, ಕರೆಂಟಿನ ಕಂಬ, ಟಾಯ್ಲೆಟ್ ಟ್ಯಾಂಕ್ ಖಾಲಿ ಮಾಡೋ ಪೈಪು ಮೂರೂ ಒಂದೇ ಕಡೆ. ಸರ್ಕಾರಿ ಬಯಲು ಜಮೀನಲ್ಲಿ ಎಷ್ಟೋ ಕಡೆ 14 ದಿನ ತನಕ ಪುಕ್ಸಟ್ಟೆ ನಿಲ್ಲಿಸ್ಕೋಬಹುದು. ಹಂಗಾಗಿ ಅಲ್ಲಿ ಗ್ರೂಪಿನೋರು ಮಾರೋದು ಏನಂದ್ರೆ ಜೊತೆ. ವಯಸ್ಸಾದ ಗಂಡ ಹೆಂಡ್ತಿ, ಸಾಯಂಕಾಲ ನಾಲ್ಕು ಜನ ಮಾತಾಡೋಕೆ ಬೇಕು, ಅಷ್ಟೇ. ಇಲ್ಲಿ ಮಾರೋದು ಜೊತೆಯಲ್ಲ, ಜಾಗ. ಆ ಜಾಗದ ಬಗ್ಗೆ ಗೊತ್ತಿಲ್ಲದೆ ಅಮೆರಿಕದ ವಿಡಿಯೋ ನೋಡ್ಕೊಂಡು ಬಂದೋರೇ ರಾತ್ರಿ ಎಂಟೂವರೆಗೆ ನನಗೆ ಫೋನ್ ಮಾಡೋದು.

ಇಲ್ಲಿ ಜಾಗ ಯಾಕೆ ಸಿಗಲ್ಲ

ಕುಶಾಲನಗರ ದಾಟಿ ಮಡಿಕೇರಿ ಕಡೆ ಹತ್ತೋಕೆ ಶುರು ಮಾಡಿದ್ರೆ ರೋಡಿನ ಎರಡೂ ಕಡೆ ನೋಡಿ. ತೋಟ, ಇಲ್ಲಾಂದ್ರೆ ಕಾಡು, ಇಲ್ಲಾಂದ್ರೆ ಬರೆ, ಅಂದ್ರೆ ಕಡಿದಾದ ಮಣ್ಣಿನ ದಿಬ್ಬ. ತೋಟ ಅಂದ್ರೆ ಯಾರದ್ದೋ ಸ್ವಂತ ಜಾಗ, ಬೇಲಿ ಗೇಟು ಇರುತ್ತೆ. ಕಾಡಲ್ಲಿ ನಿಲ್ಲಿಸೋ ಹಾಗೇ ಇಲ್ಲ, ಫಾರೆಸ್ಟಿನೋರು ಎಬ್ಬಿಸ್ತಾರೆ. ಸಮತಟ್ಟು ಅಂತ ಸಿಕ್ಕೋದು ಗದ್ದೆ, ಅದರಲ್ಲಿ ವ್ಯಾನ್ ಇಳಿಸಿದ್ರೆ ಟ್ರಾಕ್ಟರ್ ಕರೆಸಿ ಎಳೆಸ್ಬೇಕು.

ಮತ್ತೆ ಆನೆ. ಇದನ್ನ ತಮಾಷೆಗೆ ಹೇಳ್ತಿಲ್ಲ. ಸಿದ್ದಾಪುರ, ನೆಲ್ಯಹುದಿಕೇರಿ, ಅಮ್ಮತ್ತಿ, ತಿತಿಮತಿ ಈ ಕಡೆಯೆಲ್ಲಾ ಆನೆ ತೋಟದ ಒಳಗೇ ಓಡಾಡುತ್ತೆ, ಹಲಸಿನ ಹಣ್ಣಿನ ಕಾಲದಲ್ಲಿ ಇನ್ನೂ ಜಾಸ್ತಿ, ಕೆಲಸಕ್ಕೆ ಹೋಗೋರೇ ಬೆಳಿಗ್ಗೆ ಹೆದರ್ಕೊಂಡು ಹೋಗ್ತಾರೆ. ಅಲ್ಲಿ ರೋಡ್ ಸೈಡಲ್ಲಿ ವ್ಯಾನ್ ಹಾಕಿ, ಒಳಗೆ ಬಾಳೆಹಣ್ಣಿನ ಗೊನೆ ನೇತಾಕಿ ಮಲಗಿದೀವಿ ಅಂದ್ರೆ ಏನು ಹೇಳೋದು. ಒಬ್ರು ನಿಜವಾಗ್ಲೂ ಹಂಗೆ ಮಾಡಿದ್ರು, ಆನೆ ಬರ್ಲಿಲ್ಲ, ಅವರ ಪುಣ್ಯ, ಬೆಳಿಗ್ಗೆ ತೋಟದ ಲೆಕ್ಕ ನೋಡೋ ರೈಟ್ರು ಬಂದು ಬೈದು ಕಳಿಸಿದ್ರು ಅಷ್ಟೇ.

ಗ್ರೂಪಿನೋರು ಈ ಕೆಲಸ ಮೊದಲೇ ಮಾಡಿರ್ತಾರೆ. ಒಳ್ಳೆ ಲೀಡರ್ ಆದ್ರೆ ಒಂದು ತಿಂಗಳು ಮುಂಚೆ ಬಂದು ಜಾಗ ನೋಡಿ, ಗೇಟ್ ಅಳತೆ ತಗೊಂಡು, ಗಾಡಿ ತಿರುಗಿಸೋಕೆ ಜಾಗ ಇದೆಯಾ ನೋಡ್ಕೊಂಡು ಹೋಗಿರ್ತಾನೆ. ನಮ್ಮಲ್ಲಿಗೆ ಬಂದ ಒಬ್ಬ ಲೀಡರ್ ಬಿದಿರಿನ ಕೋಲಿಗೆ ಹತ್ತಡಿ ಗುರುತು ಮಾಡ್ಕೊಂಡು ಬಂದು ನಮ್ಮ ದಾರೀಲಿರೋ ಸಿಲ್ವರ್ ಓಕ್ ಕೊಂಬೆ, ಕರೆಂಟ್ ವೈರು ಎಲ್ಲಾ ಚೆಕ್ ಮಾಡಿದ, ಅವತ್ತೇ ಇವನ ಮೇಲೆ ನಂಬಿಕೆ ಬಂತು ನನಗೆ. ಟೆಂಪೋ ಟ್ರಾವೆಲರ್ ವ್ಯಾನ್ ಮೇಲೆ ಏಸಿ, ಸೋಲಾರ್ ಪ್ಯಾನೆಲ್ ಕೂರಿಸಿದ್ರೆ ಎತ್ತರ ಹತ್ತಡಿ ಹತ್ರ ಹೋಗುತ್ತೆ, ಕಾರಲ್ಲಿ ಓಡಾಡಿದೋರಿಗೆ ತಲೆ ಮೇಲಿಂದು ಅಂದಾಜೇ ಇರಲ್ಲ.

ನೀವೇ ಬರೋದಾದ್ರೆ ಈ ಲೀಡರ್ ಕೆಲಸ ನೀವು ಫೋನಲ್ಲಿ ಮಾಡ್ಬೇಕು. ಕೊಡಗಲ್ಲಿ ಹೋಂಸ್ಟೇಗೇನು ಬರ ಇಲ್ಲ, ಆದ್ರೆ "ಪಾರ್ಕಿಂಗ್ ಇದೆಯಾ" ಅಂತ ಕೇಳ್ಬೇಡಿ, ಎಲ್ರೂ ಇದೆ ಅಂತಾರೆ, ಅವರ ತಲೇಲಿರೋದು ಇನ್ನೋವಾ. ಮೇನ್ ರೋಡಿಂದ ಎಷ್ಟು ದೂರ, ಅದು ಟಾರಾ ಕಾಂಕ್ರೀಟಾ ಮಣ್ಣಾ, ಏರು ಇದೆಯಾ, ಮಿನಿ ಬಸ್ ಯಾವತ್ತಾದ್ರೂ ಒಳಗೆ ಬಂದಿದೆಯಾ, ಇದನ್ನ ಕೇಳಿ. ಮಿನಿ ಬಸ್ ಅನ್ನೋ ಪದ ಹೇಳಿದ ಕೂಡಲೇ ಅವರಿಗೆ ಗಾತ್ರ ಅರ್ಥ ಆಗುತ್ತೆ. ಕರೆಂಟ್ ಪ್ಲಗ್ 16 ಆಂಪ್‌ದು ಹೊರಗಡೆ ಇದೆಯಾ ಅಂತಾನೂ ಕೇಳಿ, ಸಣ್ಣ 6 ಆಂಪ್ ಪ್ಲಗ್ಗಿಗೆ ಏಸಿ ಹಾಕಿದ್ರೆ ಅರ್ಧ ಗಂಟೇಲಿ ವಾಸನೆ ಬರುತ್ತೆ.

ಎಂಟು ಗಾಡಿ ಬಂದ ರಾತ್ರಿ

ಗ್ರೂಪ್ ಅಂದ್ರೆ ಎಲ್ಲಾ ವ್ಯವಸ್ಥೆ ಇರುತ್ತೆ ಅಂತ ಅಂದ್ಕೋಬೇಡಿ. ನಮ್ಮ ಕಣದಲ್ಲಿ ಆರಾಮಾಗಿ ನಿಲ್ಲೋದು ಮೂರು, ಒತ್ತಿದ್ರೆ ನಾಲ್ಕು. ಒಂದ್ಸಲ ನಾಲ್ಕು ಅಂತ ಹೇಳಿ ಎಂಟು ಬಂದ್ವು. ಬೇರೆ ಕಡೆ ಬುಕ್ ಮಾಡಿದ್ದ ಜಾಗ ಕೈ ಕೊಟ್ಟಿತ್ತಂತೆ. ಸಾಯಂಕಾಲ ಏಳಕ್ಕೆ ಬಂದ್ರು, ಎಂಟಕ್ಕೆ ಎಲ್ರೂ ಏಸಿ ಹಾಕಿದ್ರು. ಲೆಕ್ಕ ಹಾಕಿ, ಒಂದೊಂದು ಏಸಿ ಒಂದೂವರೆ ಕಿಲೋವ್ಯಾಟ್ ಅಂದ್ರೂ ಎಂಟಕ್ಕೆ 12, ನಮ್ಮ ಮನೆಗೆ ಸ್ಯಾಂಕ್ಷನ್ ಆಗಿರೋ ಲೋಡ್ 3 ಕಿಲೋವ್ಯಾಟ್. ಮೇನ್ ಬಿತ್ತು. ಅಮ್ಮ ಒಳಗಿಂದ "ಯಾರಪ್ಪ ಇವ್ರೆಲ್ಲಾ, ಮದುವೆ ದಿಬ್ಬಣವಾ" ಅಂತ ಕ್ಯಾಂಡಲ್ ಹಿಡ್ಕೊಂಡು ಬಂದ್ರು. ಏಪ್ರಿಲ್ ತಿಂಗಳಾದ್ರೂ ಸುಂಟಿಕೊಪ್ಪದ ರಾತ್ರಿಗೆ ಏಸಿ ಯಾಕೆ ಬೇಕಿತ್ತು ಅಂತ ಇವತ್ತಿಗೂ ನನಗೆ ಅರ್ಥ ಆಗಿಲ್ಲ.

ಆಮೇಲೆ ನೀರು. ಒಂದೊಂದು ವ್ಯಾನಿಗೆ ನೂರು ಲೀಟರ್ ಅಂದ್ರೂ ಎಂಟು ನೂರು, ಏಪ್ರಿಲಲ್ಲಿ ನಮ್ಮ ಬಾವೀಲಿ ನೀರು ತಳ ಕಂಡಿರುತ್ತೆ. ಕೊನೇದಾಗಿ ಆ ಟಾಯ್ಲೆಟ್ ಕ್ಯಾಸೆಟ್. ವ್ಯಾನಿನ ಟಾಯ್ಲೆಟ್ ಕೆಳಗೆ ಸೂಟ್‌ಕೇಸ್ ಥರ ಒಂದು ಡಬ್ಬ ಇರುತ್ತೆ, ಹದಿನೆಂಟು ಇಪ್ಪತ್ತು ಲೀಟರ್ ಹಿಡಿಯೋದು, ನಾಲ್ಕು ಜನ ಉಪಯೋಗಿಸಿದ್ರೆ ಎರಡು ದಿನಕ್ಕೆ ತುಂಬುತ್ತೆ, ಅದನ್ನ ಎಲ್ಲಾದ್ರೂ ಖಾಲಿ ಮಾಡ್ಲೇಬೇಕು. ಒಂದು ಗಾಡಿಯೋರು ಬಂದ್ರೆ ನಮ್ಮ ಹೊರಗಿನ ಟಾಯ್ಲೆಟ್ಟಿಗೆ ಹಾಕಿ ನೀರು ಬಿಟ್ಟು ತೊಳೆದು ಹೋಗ್ತಾರೆ, ಗೊತ್ತೇ ಆಗಲ್ಲ. ಎಂಟು ಗಾಡಿಯೋರು ಒಟ್ಟಿಗೆ, ವಾಸನೆ ಬರದ ಹಾಗೆ ಡಬ್ಬಕ್ಕೆ ಹಾಕೋ ನೀಲಿ ಕೆಮಿಕಲ್ ಸಮೇತ ಹಾಕಿದ್ರೆ ಪಿಟ್ಟಲ್ಲಿರೋ ಬ್ಯಾಕ್ಟೀರಿಯಾನೇ ಸತ್ತೋಗುತ್ತೆ, ಒಂದು ವಾರ ನಾವು ವಾಸನೆ ಕುಡೀಬೇಕು.

ಹಂಗಾಗಿ ಗ್ರೂಪಿಗೆ ದುಡ್ಡು ಕಟ್ಟೋ ಮುಂಚೆ ಒಂದೇ ಪ್ರಶ್ನೆ ಕೇಳಿ ಅಂದ್ರೆ ನಾನು ಇದನ್ನೇ ಹೇಳೋದು: ಕ್ಯಾಸೆಟ್ ಎಲ್ಲಿ ಖಾಲಿ ಮಾಡಿಸ್ತೀರಾ? ತಕ್ಷಣ ಉತ್ತರ ಹೇಳಿದ್ರೆ ಅವನು ಕೆಲಸ ಗೊತ್ತಿರೋನು. "ಅದೆಲ್ಲಾ ಆಗುತ್ತೆ ಸಾರ್, ಟೆನ್ಷನ್ ತಗೋಬೇಡಿ" ಅಂದ್ರೆ ಟೆನ್ಷನ್ ತಗೊಳ್ಳಿ.

ರೋಡಲ್ಲಿ

ಇಲ್ಲಿನ ಗುಂಪುಗಳು ಅಮೆರಿಕದ ಥರ ಬಿಡಿಬಿಡಿಯಾಗಿ ಹೋಗಲ್ಲ, ಮೆರವಣಿಗೆ ಥರಾನೇ ಹೋಗ್ತಾರೆ, ಫೋಟೋ ಚೆನ್ನಾಗಿ ಬರುತ್ತೆ ಅಂತ ಇರ್ಬೇಕು. ಮಡಿಕೇರಿ ಸಂಪಾಜೆ ಘಾಟಲ್ಲಿ, ಭಾಗಮಂಡಲದ ರೋಡಲ್ಲಿ ಎಂಟು ವ್ಯಾನ್ ಅಂಟ್ಕೊಂಡು ಹೋದ್ರೆ ಹಿಂದಿನ ಜೀಪಿನೋನು, ಬಸ್ಸಿನೋನು ಓವರ್‌ಟೇಕ್ ಮಾಡೋದು ಹೇಗೆ? ಒಂದನ್ನ ದಾಟಬಹುದು, ಎಂಟನ್ನ ದಾಟೋಕಾಗಲ್ಲ. ಲೋಕಲ್ ಜನ ಬೈಯೋದು ಇದಕ್ಕೇ, ಟೂರಿಸ್ಟ್ ಮೇಲೆ ಬೇರೆ ಏನೂ ಸಿಟ್ಟಿಲ್ಲ. ನಡುವೆ ಗ್ಯಾಪ್ ಬಿಟ್ಟು ಹೋಗೋ ಗ್ರೂಪಾ ಅಂತ ಮೊದಲೇ ಕೇಳ್ಕೊಳ್ಳಿ. ಮೊಬೈಲ್ ನೆಟ್‌ವರ್ಕ್ ಎಷ್ಟೋ ತಿರುವಲ್ಲಿ ಇರಲ್ಲ, ಅದಕ್ಕೆ ಒಳ್ಳೆ ಗ್ರೂಪಿನೋರು ಗಾಡಿಗೊಂದು ವಾಕಿಟಾಕಿ ಕೊಡ್ತಾರೆ, ಅದು 446 ಮೆಗಾಹರ್ಟ್ಸಿನ ಲೈಸೆನ್ಸ್ ಬೇಡದ ಟೈಪ್ ಆಗಿರ್ಬೇಕು, ಆನ್‌ಲೈನಲ್ಲಿ ಸಿಗೋ ಎಲ್ಲಾ ಸೆಟ್ಟೂ ಅಂಥದ್ದಲ್ಲ.

ಇನ್ನೊಂದು, ಗ್ರೂಪಲ್ಲಿ ಬಂದ್ರೂ ಒಂಟಿಯಾಗಿ ಬಂದ್ರೂ ವ್ಯಾನ್ ಹೋಗದ ಜಾಗಕ್ಕೆ ವ್ಯಾನ್ ಹೋಗಲ್ಲ. ಮಾಂದಲಪಟ್ಟಿಗೆ ಲೋಕಲ್ ಜೀಪೇ ಗತಿ. ದುಬಾರೆಗೆ ಹೊಳೆ ದಾಟೋಕೆ ಬೋಟು. ತಡಿಯಂಡಮೋಳ್ ಬೆಟ್ಟ 1748 ಮೀಟರ್, ಅದನ್ನಂತೂ ಕಾಲಲ್ಲೇ ಹತ್ತಬೇಕು. ಮಡಿಕೇರಿ ಪೇಟೆ ಒಳಗೆ ವ್ಯಾನ್ ತರೋದು ನೀವೇ ಕಷ್ಟ ಕರೆದು ಕೂರಿಸ್ಕೊಂಡಂಗೆ, ದಸರಾ ಟೈಮಲ್ಲಿ ದಶಮಂಟಪ ಹೊರಡೋ ರಾತ್ರಿಯಂತೂ ಬೇಡವೇ ಬೇಡ. ತಲಕಾವೇರಿ ತನಕ ಗಾಡಿ ಹೋಗುತ್ತೆ, ಭಾಗಮಂಡಲದಿಂದ 8 ಕಿಲೋಮೀಟರ್, ಆದ್ರೆ ತುಲಾ ಸಂಕ್ರಮಣದ ತೀರ್ಥೋದ್ಭವದ ದಿನ, ಅಕ್ಟೋಬರ್ 17 ಆಸುಪಾಸು, ಅಷ್ಟು ಜನ ಸೇರೋ ಜಾಗಕ್ಕೆ ಇಪ್ಪತ್ತಡಿ ಗಾಡಿ ತಗೊಂಡು ಹೋಗೋ ಧೈರ್ಯ ನನಗಿಲ್ಲ.

ಅಂದ್ರೆ ಗ್ರೂಪಿಗೆ ಇಲ್ಲಿ ಒಂದು ಲಾಭ ಇದೆ, ಎಂಟು ಗಾಡಿ ಜನ ಸೇರಿದ್ರೆ ಮೂರ್ನಾಲ್ಕು ಜೀಪ್ ಮಾತಾಡಿ ಬಾಡಿಗೆ ಹಂಚ್ಕೋಬಹುದು. ನಷ್ಟಾನೂ ಅದರಲ್ಲೇ ಇದೆ. ಎಂಟು ಗಾಡಿ ಅಂದ್ರೆ ಇಪ್ಪತ್ತೈದು ಮೂವತ್ತು ಜನ, ಅಷ್ಟು ಜನ ಸ್ನಾನ ತಿಂಡಿ ಮುಗಿಸಿ ಹೊರಡೋ ಹೊತ್ತಿಗೆ ಮಾಂದಲಪಟ್ಟಿ ಮಂಜು ಆವಿಯಾಗಿ ಬಿಸಿಲು ಬಿದ್ದಿರುತ್ತೆ.

ನಮ್ಮ ಎರಡು ಟ್ರಿಪ್ಪು

ನಾನು ಗ್ರೂಪಲ್ಲಿ ಹೋಗಿದ್ದು ಕುಟ್ಟ, ತೋಲ್ಪೆಟ್ಟಿ ಮೇಲೆ ವಯನಾಡಿಗೆ, ವಾಪಸ್ ಸುಲ್ತಾನ್ ಬತ್ತೇರಿಯಿಂದ ಗುಂಡ್ಲುಪೇಟೆ ಮೇಲೆ ಮೈಸೂರಿಗೆ ಬರೋದು ಅಂತ ಪ್ಲಾನು. ಆರು ಗಾಡಿ. ನನ್ನ ಜೊತೆ ಬಂದಿದ್ದು ಷಡ್ಡಕ. ಎರಡು ದಿನ ಚೆನ್ನಾಗೇ ಇತ್ತು, ಸಾಯಂಕಾಲ ನಿಲ್ಲೋ ಜಾಗಕ್ಕೆ ಹೋದ್ರೆ ಅನ್ನ ಸಾರು ರೆಡಿ, ಮಕ್ಕಳು ಮಕ್ಕಳು ಸೇರ್ಕೊಂಡು ಆಟ, ಯಾವುದಕ್ಕೂ ತಲೆ ಕೆಡಿಸ್ಕೊಳ್ಳೋದು ಬೇಡ. ಮೂರನೇ ದಿನ ಒಬ್ಬರ ಗಾಡಿ ಬೆಲ್ಟ್ ಹೋಯ್ತು. ಬಹಳ ಜನ ಸೇರಿದ್ರೆ ಹಾವು ಸಾಯಲ್ಲ ಅಂತಾರಲ್ಲ, ಹಂಗೆ ಆರು ಗಾಡಿಯ ಗಂಡಸರೆಲ್ಲಾ ಬಾನೆಟ್ ಒಳಗೆ ತಲೆ ಹಾಕಿ ಆರು ಥರ ಹೇಳಿದ್ರು, ಕೊನೆಗೆ ಬತ್ತೇರಿಯಿಂದ ಮೆಕ್ಯಾನಿಕ್ ಬಂದ. ಅಷ್ಟೊತ್ತಿಗೆ ರಾತ್ರಿ ಆಗೋಯ್ತು, ಬಂಡೀಪುರದ ಒಳಗೆ ಹೋಗೋ ಆ ಹೈವೇ ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ಬಂದ್, 2009ರಿಂದ ಇರೋ ರೂಲ್ಸು, ಯಾರನ್ನ ಕೇಳಿಕೊಂಡ್ರೂ ಬಿಡಲ್ಲ. ಲೀಡರ್ ಮುಂದೆ ಎರಡೇ ದಾರಿ, ಅಲ್ಲೇ ಮಲಗೋದು ಇಲ್ಲ ಸುತ್ತಿ ಮಾನಂದವಾಡಿ, ಕುಟ್ಟ, ಗೋಣಿಕೊಪ್ಪ, ಹುಣಸೂರು ಮೇಲೆ ರಾತ್ರಿಯೆಲ್ಲಾ ಓಡಿಸೋದು. ಆ ರೋಡು ರಾತ್ರಿ ತೆರೆದಿರುತ್ತೆ. ಮೂರು ಗಾಡಿಯೋರು ಬೆಳಿಗ್ಗೆ ಆಫೀಸ್ ಇದೆ ಅಂತ ಕೂತ್ರು, ಮೂರು ಗಾಡಿಯೋರು ಮಲಗೋಣ ಅಂದ್ರು. ಒಂದು ಗಂಟೆ ಜಗಳ ಆಗಿ ಕೊನೆಗೆ ಗ್ರೂಪೇ ಎರಡಾಯ್ತು. ನಾವು ಮಲಗೋ ಪಾರ್ಟಿ. ಗಾಡಿ ಕೆಟ್ಟೋರನ್ನ ಬಿಟ್ಟು ಹೋಗೋಕೆ ಮನಸ್ಸು ಬರ್ಲಿಲ್ಲ, ಅವರೂ ಪಾಪ ನಮ್ಮಿಂದ ಎಲ್ರಿಗೂ ತೊಂದ್ರೆ ಆಯ್ತು ಅಂತ ಮುಖ ಸಣ್ಣ ಮಾಡ್ಕೊಂಡು ಕೂತಿದ್ರು.

ನಾವೇ ಹೋಗಿದ್ದು ಇದರ ಮುಂದಿನ ವರ್ಷ, ದಕ್ಷಿಣ ಕೊಡಗು ಕಡೆ, ಇರ್ಪು ಫಾಲ್ಸ್ ನೋಡೋದು ಅಂತ. ನಮ್ಮದೇ ಜಿಲ್ಲೆ, ನಮಗೇನು ಅಂತ ಜಂಬ ಬೇರೆ. ಶ್ರೀಮಂಗಲ ಹತ್ರ ಟಯರ್ ಪಂಕ್ಚರ್. ಸ್ಟೆಪ್ನಿ ಇದೆ, ಜಾಕ್ ಇದೆ, ವೀಲ್ ಸ್ಪ್ಯಾನರ್ ಮಾತ್ರ ಬಾಡಿಗೆ ಕೊಟ್ಟೋನು ಹಾಕೇ ಇರ್ಲಿಲ್ಲ, ನಾನೂ ತೆಗೆದು ನೋಡಿರ್ಲಿಲ್ಲ. ಒಂದು ಮುಕ್ಕಾಲು ಗಂಟೆ ಹಂಗೇ ನಿಂತಿದ್ವಿ, ಆಮೇಲೆ ಒಬ್ಬ ಜೀಪಿನ ಹುಡುಗ ನಿಲ್ಲಿಸಿ ಎಲ್ಲಾ ಮಾಡ್ಕೊಟ್ಟು, ದುಡ್ಡು ಕೊಟ್ರೆ ತಗೊಳ್ಲಿಲ್ಲ, ಅಮ್ಮ ಬಲವಂತ ಮಾಡಿ ಡಬ್ಬೀಲಿದ್ದ ಕಡಂಬುಟ್ಟು (ಅಕ್ಕಿ ಕಡುಬು) ಕೊಟ್ರು. ಆ ಮುಕ್ಕಾಲು ಗಂಟೆ ನನಗೆ ಗ್ರೂಪಿನ ಹಿಂದಿನ ಗಾಡಿ ಬಹಳ ನೆನಪಾಯ್ತು, ಸುಳ್ಳು ಹೇಳಲ್ಲ. ಆದ್ರೆ ಅದಾದ ಮೇಲೆ ಇರ್ಪುಗೆ ಲೇಟಾಯ್ತು ಅಂತ ಯಾರೂ ಕಾಯ್ತಿರ್ಲಿಲ್ಲ. ಅಮ್ಮಂಗೆ ಸುಸ್ತಾಗಿತ್ತು, ಇವತ್ತು ಬೇಡ ನಾಳೆ ನೋಡೋಣ ಅಂದ್ರು, ಗುರುತಿನೋರ ಮನೆ ಅಂಗಳದಲ್ಲಿ ಗಾಡಿ ಹಾಕಿ ಅಲ್ಲೇ ಉಳ್ಕೊಂಡ್ವಿ. ಗ್ರೂಪಲ್ಲಿ ಒಬ್ರಿಗೆ ಸುಸ್ತಾದ್ರೆ ಹಂಗೆ ಪ್ರೋಗ್ರಾಂ ಬದಲಾಗಲ್ಲ.

ಮಳೆ

ಜೂನಿಂದ ಸೆಪ್ಟೆಂಬರ್ ತನಕ ಗ್ರೂಪಾ ಒಂಟಿಯಾ ಅಂತ ನನ್ನ ಲೆಕ್ಕದಲ್ಲಿ ಮಳೆಯೇ ತೀರ್ಮಾನ ಮಾಡೋದು. ಗ್ರೂಪ್ ಟೂರ್ ಅಂದ್ರೆ ಫಿಕ್ಸ್ ಆದ ದಿನ, ಫಿಕ್ಸ್ ಆದ ಜಾಗ, ಅಡ್ವಾನ್ಸ್ ಕೊಟ್ಟಾಗಿರುತ್ತೆ, ಲೀಡರ್‌ಗೆ ಕ್ಯಾನ್ಸಲ್ ಮಾಡೋಕೆ ಮನಸ್ಸಿರಲ್ಲ, "ಸ್ವಲ್ಪ ಮಳೆ ಅಷ್ಟೇ ಸಾರ್" ಅಂತಾನೆ. ಇಲ್ಲಿ ಸ್ವಲ್ಪ ಮಳೆ ಅನ್ನೋದೇ ಇಲ್ಲ. 2018ರ ಆಗಸ್ಟಲ್ಲಿ ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡಾನೇ ಇಳಿದು ಬಂತು, 2019ರಲ್ಲಿ ತೋರ, 2020ರಲ್ಲಿ ತಲಕಾವೇರಿ ಪಕ್ಕದ ಬ್ರಹ್ಮಗಿರಿ ಬೆಟ್ಟ. ಮೂರೂ ಆಗಸ್ಟಲ್ಲೇ. ಜೋರು ಮಳೆಗೆ ಭಾಗಮಂಡಲದಲ್ಲಿ ತ್ರಿವೇಣಿ ಸಂಗಮ ಮೇಲೆ ಬರುತ್ತೆ, ಕರೆಂಟ್ ಹೋದ್ರೆ ಎರಡು ಮೂರು ದಿನ ಬರಲ್ಲ, ಘಾಟಿ ರೋಡಲ್ಲಿ ದೊಡ್ಡ ಗಾಡಿಗಳನ್ನ ಜಿಲ್ಲಾಡಳಿತ ಎಷ್ಟೋ ವರ್ಷ ನಿಲ್ಲಿಸಿದೆ. ಮಳೆಗಾಲ ನೋಡ್ಲೇಬೇಕು ಅನ್ನೋ ಆಸೆ ಇದ್ರೆ, ಆಸೆ ತಪ್ಪಲ್ಲ, ನನಗೂ ಅದೇ ಇಷ್ಟ, ನೀವೇ ಬನ್ನಿ, ಕೈಯಲ್ಲಿ ಎರಡು ದಿನ ಎಕ್ಸ್‌ಟ್ರಾ ಇಟ್ಕೊಂಡು ಬನ್ನಿ, ಮಳೆ ಜೋರಾದ್ರೆ ಕುಶಾಲನಗರದಲ್ಲೇ ನಿಂತು ನೋಡಿ, ಬೇಡ ಅನ್ಸಿದ್ರೆ ಪಿರಿಯಾಪಟ್ಟಣ ಕಡೆ ತಿರುಗಿಸಿ. ಮಳೆಗಾಲದಲ್ಲಿ ಗ್ರೂಪಿಗೆ ಸೇರಿ ಅಂತ ನಾನು ಯಾರಿಗೂ ಹೇಳಲ್ಲ.

ದುಡ್ಡು, ಕಾಗದ

ದುಡ್ಡಿನ ವಿಷಯ ಜನ ಅಂದ್ಕೊಳ್ಳೋ ಅಷ್ಟು ದೊಡ್ಡದಲ್ಲ. ಟ್ರಾವೆಲರ್ ಮೇಲೆ ಕಟ್ಟಿದ ವ್ಯಾನು ಲೀಟರಿಗೆ ಒಂಬತ್ತೋ ಹತ್ತೋ ಕೊಡುತ್ತೆ, ಬೆಂಗಳೂರಿಂದ ಬಂದು ಸುತ್ತಾಡಿ ವಾಪಸ್ ಹೋಗೋಕೆ 700 ಕಿಲೋಮೀಟರ್ ಅಂದ್ರೆ 70, 75 ಲೀಟರ್ ಡೀಸೆಲ್, ಅದು ಎರಡರಲ್ಲೂ ಒಂದೇ. ನಾನು ಕಣದಲ್ಲಿ ನಿಲ್ಲಿಸೋಕೆ ಗಾಡಿಗೆ ರಾತ್ರಿಗೆ 800 ತಗೋತೀನಿ, ನೀರು ಕರೆಂಟ್ ಸೇರಿ, ಊಟ ಬೇರೆ. ಗ್ರೂಪಿನೋರು ಅದರ ಮೇಲೆ ತಮ್ಮ ಕೂಲಿ ಇಟ್ಕೋತಾರೆ, ಇಟ್ಕೊಳ್ಳಲಿ, ಹುಡುಕಿದ ಶ್ರಮ ಅವರದು. ರೋಡ್ ಬಂದ್ ಆಗಿ ಒಂದು ದಿನದ ಜಾಗ ತಪ್ಪಿದ್ರೆ ಆ ದಿನದ ದುಡ್ಡು ಏನಾಗುತ್ತೆ, ಇದನ್ನ ಮಾತ್ರ ಬರೆಸ್ಕೊಳ್ಳಿ, ವಾಟ್ಸಾಪಲ್ಲಾದ್ರೂ ಸರಿ.

ಕಾಗದದಲ್ಲಿ ಹುಷಾರಾಗಿರಬೇಕಾದೋರು ಒಂಟಿಯಾಗಿ ಬರೋರು. ಸೆಲ್ಫ್ ಡ್ರೈವ್ ಬಾಡಿಗೆ ಗಾಡಿಗೆ ಕಪ್ಪು ಬೋರ್ಡ್ ಮೇಲೆ ಹಳದಿ ಅಕ್ಷರ ಇರ್ಬೇಕು. ಬಿಳಿ ಬೋರ್ಡಿನ ಗಾಡಿನ ಯಾರೋ ಫ್ರೆಂಡಿನ ಫ್ರೆಂಡ್ ಬಾಡಿಗೆಗೆ ಕೊಟ್ಟ ಅಂದ್ರೆ, ಏನಾದ್ರೂ ಆದಾಗ ಇನ್ಶೂರೆನ್ಸಿನೋರು ಕೈ ಎತ್ತಿಬಿಡೋ ಚಾನ್ಸ್ ಇದೆ. ಮನೇಲೇ ಹಳೇ ವ್ಯಾನಿಗೆ ಮಂಚ ಸಿಂಕು ಕೂರಿಸ್ಕೊಂಡು ಬರೋರಿಗೂ ಅದೇ ಮಾತು, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿ ಇಲ್ಲದ ಮಾರ್ಪಾಡು ಮಾಡೋ ಹಾಗಿಲ್ಲ, ಚೆಕ್‌ಪೋಸ್ಟಲ್ಲಿ ಗ್ರೂಪ್ ಲೀಡರ್ ಇದ್ರೆ ಅವನು ಮಾತಾಡ್ತಾನೆ, ಒಂಟಿಯಾಗಿದ್ರೆ ನೀವೇ ಮಾತಾಡ್ಬೇಕು.

ಹಂಗಾದ್ರೆ ಯಾರಿಗೆ ಯಾವುದು

ಇಂಥಾ ದೊಡ್ಡ ಗಾಡಿ ಮೊದಲನೇ ಸಲ ಓಡಿಸ್ತಿದ್ರೆ, ಅದೂ ಓಡಿಸೋರು ಒಬ್ರೇ ಇದ್ರೆ, ಡಿಸೆಂಬರ್‌ನಿಂದ ಮೇ ಒಳಗೆ ಯಾವುದಾದ್ರೂ ಸಣ್ಣ ಗ್ರೂಪಿಗೆ ಸೇರಿ. ಸಣ್ಣದು ಅಂದ್ರೆ ನಾಲ್ಕು, ಐದು ಗಾಡಿ. ಆರು ದಾಟಿದ್ರೆ ನನ್ನ ಅನುಭವದಲ್ಲಿ ಅದು ಟೂರ್ ಆಗಲ್ಲ, ಜಾತ್ರೆ ಆಗುತ್ತೆ. ಹೆಣ್ಮಕ್ಕಳೇ ಇಬ್ರೋ ಮೂವರೋ ಬರ್ತಿದ್ರೂ ಮೊದಲ ಸಲಕ್ಕೆ ಗ್ರೂಪೇ ಇರ್ಲಿ, ಜನ ಕೆಟ್ಟೋರು ಅಂತಲ್ಲ, ರಾತ್ರಿ ಹೊತ್ತು ಜಾಗ ಹುಡುಕ್ಕೊಂಡು ತೋಟದ ದಾರೀಲಿ ಅಲೆಯೋ ಪರಿಸ್ಥಿತಿ ಬೇಡ ಅಂತ.

ವಯಸ್ಸಾದೋರು, ಸಣ್ಣ ಮಕ್ಕಳು ಜೊತೇಲಿದ್ರೆ ಎಲ್ರೂ ಗ್ರೂಪೇ ಒಳ್ಳೇದು ಅಂತಾರೆ, ನಾನು ಉಲ್ಟಾ ಹೇಳ್ತೀನಿ. ಅವರಿಗೆ ಬೇಕಾಗಿರೋದು ನಿಲ್ಲಿಸು ಅಂದಾಗ ನಿಲ್ಲೋ ಗಾಡಿ. ಘಾಟಲ್ಲಿ ಮಗು ವಾಂತಿ ಮಾಡ್ಕೊಂಡ್ರೆ ಹಿಂದೆ ಮುಂದೆ ಗಾಡಿ ಇಟ್ಕೊಂಡು ಎಲ್ಲಿ ನಿಲ್ಲಿಸ್ತೀರಾ. ಊಟದ ವಿಷಯಾನೂ ಹಂಗೇ, ಗ್ರೂಪಿನ ಅಡುಗೆ ಎಲ್ರಿಗೂ ಒಗ್ಗೋ ಹಾಗೆ ಮಾಡೋಕೆ ಹೋಗಿ ಯಾವ ಊರಿಂದೂ ಅಲ್ಲದ ಪಲಾವ್ ಆಗಿರುತ್ತೆ. ಕೊಡಗಿಗೆ ಬಂದು ನೂಲುಪುಟ್ಟು, ಕಾಚಂಪುಳಿ (ನಮ್ಮ ಕಡೆಯ ಹುಳಿ ರಸ) ಹಾಕಿದ ಪಂದಿ ಕರಿ, ವೆಜ್ ಆದ್ರೆ ಮಳೆಗಾಲದ ಕಣಿಲೆ (ಎಳೆ ಬಿದಿರು) ಪಲ್ಯ ಅಕ್ಕಿ ರೊಟ್ಟಿ, ಇದನ್ನ ತಿನ್ನದೆ ಪಲಾವ್ ತಿಂದು ಹೋದೋರನ್ನ ನೋಡಿದ್ರೆ ನಮ್ಮ ಮನೆಯೋಳಿಗೆ ಸಂಕಟ ಆಗುತ್ತೆ.

ಬಾವ ಹೇಳಿದ ಅಮೆರಿಕದ ಪದ್ಧತಿ ಇಲ್ಲಿಗೂ ಚೆನ್ನಾಗಿ ಹೊಂದುತ್ತೆ ಅಂತ ನನ್ನ ಅನಿಸಿಕೆ. ಗುರುತಿರೋ ಎರಡೋ ಮೂರೋ ಮನೆಯೋರು ಸೇರ್ಕೊಳ್ಳಿ, ಲೀಡರ್ ಬೇಡ, ರಾತ್ರಿ ನಿಲ್ಲೋ ಜಾಗ ಮಾತ್ರ ಒಟ್ಟಿಗೆ ಬುಕ್ ಮಾಡಿ, ಹಗಲಲ್ಲಿ ಅವರವರ ಪಾಡಿಗೆ ಹೋಗಿ, ಸಾಯಂಕಾಲ ಆರರೊಳಗೆ ಎಲ್ರೂ ಬಂದು ಸೇರ್ಬೇಕು ಅಂತ ಒಂದೇ ರೂಲ್ಸ್. ಯಾರಾದ್ರೂ ಬರದೇ ಇದ್ರೆ ಉಳಿದೋರು ಹುಡುಕ್ಕೊಂಡು ಹೋಗೋದು. ಹೋದ ವರ್ಷ ಮೈಸೂರಿನ ಮೂರು ಸಂಸಾರ ಹಿಂಗೆ ಬಂದಿದ್ರು, ಒಬ್ರು ದಿನವಿಡೀ ಚಿಕ್ಲಿಹೊಳೆ ಹತ್ರ ಹಕ್ಕಿ ನೋಡ್ತಾ ಕೂತಿದ್ರು, ಒಬ್ರು ನಾಲ್ಕುನಾಡು ಅರಮನೆಗೆ ಹೋಗಿದ್ರು, ಇನ್ನೊಬ್ರು ನಮ್ಮ ಕಣ ಬಿಟ್ಟು ಕದಲ್ಲೇ ಇಲ್ಲ, ಚೇರ್ ಹಾಕ್ಕೊಂಡು ನಮ್ಮಮ್ಮನ ಜೊತೆ ಮೆಣಸು ಬಿಡಿಸ್ತಾ ಕೂತಿದ್ರು.

ನಮ್ಮಲ್ಲಿಗೇ ಬರೋದಾದ್ರೆ ಎರಡು ವಿಷಯ. ಡಿಸೆಂಬರ್ ಕೊನೆಯಿಂದ ಮಾರ್ಚ್ ಮಧ್ಯದ ತನಕ ಕಣದಲ್ಲಿ ಕಾಫಿ ಒಣಗ್ತಿರುತ್ತೆ, ಆಗ ಹವಾ ಎಷ್ಟೇ ಚೆನ್ನಾಗಿದ್ರೂ ಗಾಡಿಗೆ ಜಾಗ ಇಲ್ಲ, ಕ್ರಿಸ್‌ಮಸ್ ರಜಕ್ಕೆ ಫೋನ್ ಮಾಡಿ ಬೈಸ್ಕೋಬೇಡಿ. ಮತ್ತೆ ಗೇಟಿಂದ ಐವತ್ತಡಿ ಒಳಗೆ ಬಲಗಡೆ ಹಲಸಿನ ಕೊಂಬೆ ಒಂಬತ್ತೂ ಮುಕ್ಕಾಲಡಿಗೆ ಬಾಗಿದೆ, ಕಡೀಬೇಕು ಅಂತ ಅಂದ್ಕೋತೀನಿ, ಕಾಯಿ ಬಿಟ್ಟಿದೆ ಅಂತ ಅಮ್ಮ ಬಿಡಲ್ಲ, ಹಂಗಾಗಿ ಫೋನ್ ಮಾಡಿದ ತಕ್ಷಣ ಮೊದಲು ಗಾಡಿ ಎತ್ತರ ಹೇಳಿ, ಆಮೇಲೆ ಹೆಸರು.